ಬೀಗ ಹಾಕಿದ ವಾಹನವೂ ‘ಬಂಧ’ವೆಂಬ ಅತಿಚಾರವೂ

ಶ್ರಾವಕನ ಅಹಿಂಸಾಣುವ್ರತಕ್ಕೆ ನಮ್ಮ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಪ್ರಾಣಿಯನ್ನು ಕಟ್ಟಿಹಾಕುವುದು ಇಲ್ಲವೆ ಕೂಡಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿಮೀರಿ ಹೊರೆ ಹೇರುವುದು, ಹೊತ್ತಿಗೆ ಸರಿಯಾಗಿ ಅನ್ನನೀರು ಕೊಡದಿರುವುದು ಎಂಬುದು ಇವುಗಳ ಸರಳವಾದ ಅರ್ಥ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿಯೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಸ್ವಲ್ಪ ಪದಭೇದದಿಂದ ಇವೇ ಐದು ದೋಷಗಳು ಬರುತ್ತವೆ. ದಶಲಕ್ಷಣ ಪರ್ವದ ಸ್ವಾಧ್ಯಾಯದಲ್ಲಿ ಇವನ್ನು ಓದುವಾಗ ನಮ್ಮ ಕಣ್ಣ ಮುಂದೆ ಬರುವುದು ಎತ್ತು, ಕತ್ತೆ, ಬಂಡಿ, ಹಗ್ಗ ಮತ್ತು ಬಾರುಕೋಲು. ಪೇಟೆಯಲ್ಲಿ ವ್ಯಾಪಾರ ಮಾಡಿಕೊಂಡಿರುವ ನಮ್ಮ ಮನೆಗಳಿಂದ ಇವೆಲ್ಲ ದೂರವಾಗಿ ಎಷ್ಟೋ ವರ್ಷಗಳು ಕಳೆದವು. ಆದ್ದರಿಂದ ಈ ಅತಿಚಾರಗಳು ನಮಗೆ ತಗಲುವುದಿಲ್ಲವೆಂಬ ಒಂದು ನೆಮ್ಮದಿ ನಮ್ಮಲ್ಲಿ ಬೇರೂರಿದೆ.

ಈ ನೆಮ್ಮದಿಯನ್ನು ವಾಚಕರು ಒಮ್ಮೆ ಪರೀಕ್ಷಿಸಿ ನೋಡಬೇಕೆಂಬುದು ನನ್ನ ವಿನಂತಿ. ಸಾಧನಗಳು ಬದಲಾದರೂ ದೋಷಗಳು ಬದಲಾಗುವುದಿಲ್ಲ. ಹಗ್ಗ ಹೋಗಿ ಕಾರಿನ ಬೀಗ ಬಂದಿದೆ. ಎತ್ತು ಹೋಗಿ ಸಾಕುನಾಯಿ ಬಂದಿದೆ. ಬಿಸಿಲಿನಲ್ಲಿ ನಿಂತ ವಾಹನದೊಳಗೆ ಸಾಕುಪ್ರಾಣಿಯನ್ನು ಕೂಡಿಟ್ಟು ಬಾಗಿಲು ಹಾಕಿ ಹೋದಾಗ ಬಂಧವೂ ಅನ್ನಪಾನನಿರೋಧವೂ ಒಟ್ಟಿಗೆ ಘಟಿಸುತ್ತವೆ. ಅಲ್ಲಿಗೇ ನಿಲ್ಲದೆ ಕೆಲವೇ ನಿಮಿಷಗಳಲ್ಲಿ ಅದು ಪ್ರಾಣಹರಣದವರೆಗೂ ಹೋಗಬಲ್ಲದು. ಈ ಲೇಖನದಲ್ಲಿ ನಾನು ಹೇಳಬಯಸುವುದು ಇಷ್ಟನ್ನೇ.

ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳೊಡನೆ ನನ್ನ ವ್ಯಾಪಾರವೂ ಬಂಧುತ್ವವೂ ಹೆಣೆದುಕೊಂಡಿವೆ. ಭೀಮಾನದಿಯ ಸೇತುವೆ ದಾಟಿ ಶಹಾಪುರಕ್ಕೂ ಅಲ್ಲಿಂದ ಬೆಟ್ಟಗಳ ನಡುವಿನ ಸುರಪುರಕ್ಕೂ ವರ್ಷಕ್ಕೆ ಎಷ್ಟು ಸಲ ಹೋಗಿ ಬಂದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಈ ಸೀಮೆಯ ಬೇಸಿಗೆಯನ್ನು ಇಲ್ಲಿಯವರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿ ದಾಟುವುದು ನಮಗೆ ಸಾಮಾನ್ಯ ಸಂಗತಿ. ಕಲ್ಲುಬೆಟ್ಟಗಳು ಹಗಲೆಲ್ಲ ಹೀರಿದ ಕಾವನ್ನು ರಾತ್ರಿಯೂ ಉಗುಳುತ್ತಿರುತ್ತವೆ. ಹಿಂದೆ ಈ ದಿನಗಳಲ್ಲಿ ಹಿರಿಯರು ಬೆಳಗಿನ ಹತ್ತು ಗಂಟೆಯೊಳಗೆ ಹೊರಗಿನ ಕೆಲಸ ಮುಗಿಸಿ ಮನೆ ಸೇರುತ್ತಿದ್ದರು. ದನಗಳನ್ನು ಬೇವಿನ ನೆರಳಿಗೆ ಕಟ್ಟುತ್ತಿದ್ದರು. ಈಗ ತಂಪು ಯಂತ್ರವಿರುವ ಕಾರುಗಳು ಬಂದುದರಿಂದ ನಡುಮಧ್ಯಾಹ್ನದಲ್ಲಿಯೂ ಪ್ರಯಾಣ ಸುಲಭವಾಗಿದೆ. ಒಳಗೆ ಕುಳಿತವರಿಗೆ ಹೊರಗಿನ ಬಿಸಿಲಿನ ಅರಿವೇ ಇರುವುದಿಲ್ಲ. ಯಂತ್ರ ನಿಲ್ಲಿಸಿ ತಾವು ಇಳಿದು ಹೋದ ಮೇಲೆ ಒಳಗೆ ಉಳಿದ ಜೀವಕ್ಕೆ ಏನಾಗುವುದೆಂಬ ಅರಿವೂ ಇರುವುದಿಲ್ಲ.

ಮತ್ತೊಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಸಮಾಜ ಹೆಚ್ಚಾಗಿ ಕೂಡುವುದು ಈ ಬಿಸಿಲಿನ ಕಾಲದಲ್ಲಿಯೇ. ಮಹಾವೀರ ಜಯಂತಿ ಚೈತ್ರದಲ್ಲಿ ಬರುತ್ತದೆ, ಅಕ್ಷಯ ತೃತೀಯೆ ವೈಶಾಖದಲ್ಲಿ. ಶಾಲೆಗಳಿಗೆ ರಜೆ ಇರುವುದರಿಂದ ಮದುವೆ, ಪಂಚಕಲ್ಯಾಣ, ತೀರ್ಥಯಾತ್ರೆಗಳೂ ಇದೇ ಅವಧಿಗೆ ಹೊಂದಿಕೊಳ್ಳುತ್ತವೆ. ಹೈದರಾಬಾದ್, ಬೆಂಗಳೂರು, ಪುಣೆಗಳಲ್ಲಿ ನೆಲೆಸಿದ ಮಕ್ಕಳು ಮೊಮ್ಮಕ್ಕಳು ತಮ್ಮ ವಾಹನಗಳಲ್ಲಿ ಬರುತ್ತಾರೆ. ಫ್ಲಾಟಿನಲ್ಲಿ ಒಂಟಿಯಾಗಿ ಬಿಡಲಾಗದೆ ಸಾಕುನಾಯಿಯನ್ನೂ ಜೊತೆಗೆ ತರುತ್ತಾರೆ. ಮದುವೆಯ ಮಂಟಪದಲ್ಲಿ ಅದಕ್ಕೆ ಸ್ಥಳವಿಲ್ಲ, ಬಸದಿಯಲ್ಲಿ ಪ್ರವೇಶವಿಲ್ಲ, ಬಂಧುಗಳ ಮನೆಯಲ್ಲಿ ಅಜ್ಜಿಗೆ ಸರಿಬರುವುದಿಲ್ಲ. ಉಳಿಯುವ ಸ್ಥಳ ಕಾರು ಒಂದೇ.

ಐದೇ ನಿಮಿಷದಲ್ಲಿ ಬರುತ್ತೇವೆ ಎಂಬ ಮಾತನ್ನು ಇಂತಹ ಸಂದರ್ಭದಲ್ಲಿ ಎಲ್ಲರೂ ಹೇಳುತ್ತಾರೆ. ಬಟ್ಟೆಯ ವ್ಯಾಪಾರಿಯಾದ ನನಗೆ ಈ ಐದು ನಿಮಿಷದ ಅಳತೆ ಚೆನ್ನಾಗಿ ಗೊತ್ತು. ನಲವತ್ತು ವರ್ಷ ಗಾದಿಯ ಮೇಲೆ ಕುಳಿತು ನೋಡಿದ್ದೇನೆ. ಒಂದೇ ಸೀರೆ ನೋಡಿ ಹೊರಡುತ್ತೇವೆಂದು ಒಳಗೆ ಬಂದ ಕುಟುಂಬ ಅರ್ಧ ಗಂಟೆಗೆ ಮೊದಲು ಮೆಟ್ಟಿಲಿಳಿದುದನ್ನು ನಾನು ಕಂಡದ್ದು ಅಪರೂಪ. ಬಣ್ಣ ಹಿಡಿಸಬೇಕು, ಅಂಚು ಹಿಡಿಸಬೇಕು, ದರ ಹೊಂದಬೇಕು, ರವಿಕೆಯ ಕಣ ಆರಿಸಬೇಕು, ಬಿಲ್ಲು ಆಗಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ, ವ್ಯಾಪಾರದ ರೀತಿಯೇ ಹಾಗೆ. ಮದುವೆಯ ಊಟಕ್ಕೂ ದೇವರ ದರ್ಶನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಭಿಷೇಕ ಆರಂಭವಾದ ಮೇಲೆ ನಡುವೆ ಎದ್ದು ಹೋಗುವವರು ಯಾರು? ಮನುಷ್ಯನು ಹೇಳುವ ಐದು ನಿಮಿಷಕ್ಕೂ ಗಡಿಯಾರದ ಐದು ನಿಮಿಷಕ್ಕೂ ಸಂಬಂಧವಿಲ್ಲ. ವಾಹನದ ಒಳಗಿನ ಕಾವು ಮಾತ್ರ ಗಡಿಯಾರದ ನಿಮಿಷಗಳಲ್ಲಿಯೇ ಏರುತ್ತದೆ.

ಅದು ಹೇಗೆ ಏರುತ್ತದೆಂಬುದನ್ನು ತಿಳಿಯುವುದು ಕಷ್ಟವಲ್ಲ. ಸೂರ್ಯನ ಬೆಳಕು ಗಾಜನ್ನು ದಾಟಿ ಒಳಗೆ ಬರುತ್ತದೆ. ಆಸನಗಳೂ ಚಾಲನಚಕ್ರವೂ ಅದರ ಮುಂದಿನ ಕಪ್ಪು ಹಲಗೆಯೂ ಅದನ್ನು ಹೀರಿಕೊಂಡು ಕಾಯುತ್ತವೆ. ಹೀಗೆ ಕಾದ ವಸ್ತುಗಳು ಹೊರಸೂಸುವ ಶಾಖದ ಕಿರಣಗಳು ಬೇರೆ ಬಗೆಯವು, ದೀರ್ಘ ತರಂಗದವು; ಬಂದ ದಾರಿಯಲ್ಲಿ ಅವು ಗಾಜನ್ನು ದಾಟಿ ಹೋಗಲಾರವು. ಬಿಸಿಯಾದ ಗಾಳಿಗೂ ಹೊರಹೋಗಲು ದಾರಿಯಿಲ್ಲ. ಅಮೇರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ನಿಲ್ಲಿಸಿದ ಕಾರಿನ ಒಳಗಿನ ಉಷ್ಣಾಂಶವನ್ನು ಬಿಸಿಲಿನ ದಿನಗಳಲ್ಲಿ ಅಳೆದು ನೋಡಿತು. ಒಂದು ಗಂಟೆಯಲ್ಲಿ ಒಳಗಿನ ಉಷ್ಣಾಂಶ ಹೊರಗಿನದಕ್ಕಿಂತ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಿತು. ಆ ಏರಿಕೆಯ ನೂರಕ್ಕೆ ಎಂಬತ್ತು ಭಾಗ ಮೊದಲ ಅರ್ಧ ಗಂಟೆಯಲ್ಲಿಯೇ ಆಗಿಹೋಯಿತು. ಹೊರಗೆ ಹಿತವಾದ ಹವೆಯಿದ್ದ ದಿನವೂ ಏರಿಕೆಯ ಪ್ರಮಾಣ ಹೆಚ್ಚು ಕಡಿಮೆ ಇಷ್ಟೇ ಇತ್ತು. ಕಿಟಕಿಯ ಗಾಜನ್ನು ಒಂದೂವರೆ ಅಂಗುಲದಷ್ಟು ಇಳಿಸಿಟ್ಟುದರಿಂದ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಆಗಲಿಲ್ಲ.

ಈ ಲೆಕ್ಕವನ್ನು ನಮ್ಮ ಊರಿನ ಬಿಸಿಲಿಗೆ ಹಚ್ಚಿ ನೋಡೋಣ. ಹೊರಗೆ 40 ಡಿಗ್ರಿ ಇದ್ದಾಗ ಹತ್ತು ನಿಮಿಷದಲ್ಲಿ ಕಾರಿನೊಳಗೆ ಸುಮಾರು 50 ಆಗುತ್ತದೆ; ಅರ್ಧ ಗಂಟೆಯಲ್ಲಿ 60ರ ಹತ್ತಿರಕ್ಕೆ ಹೋಗುತ್ತದೆ. ಮೇ ತಿಂಗಳಲ್ಲಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತ ಕಾರಿನ ಬಾಗಿಲು ತೆರೆದು ಚಾಲನಚಕ್ರದ ಮೇಲೆ ಕೈಯಿಟ್ಟವರಿಗೆ ಈ ಅಂಕಿ ಅತಿಶಯವೆಂದು ತೋರದು. ನಾವು ಬಾಗಿಲು ತೆರೆದೊಡನೆ ಹಿಂದೆ ಸರಿದು ಒಳಗಿನ ಬಿಸಿಗಾಳಿ ಹೋಗಲೆಂದು ಕಾಯುತ್ತೇವೆ. ನಾವು ಒಂದು ಕ್ಷಣ ಸಹಿಸಲಾರದೆ ಹಿಂದೆ ಸರಿಯುವ ಆ ಕಾವಿನಲ್ಲಿ ಒಂದು ಜೀವವು ಮೈತುಂಬ ಕೂದಲು ಹೊದ್ದು ಕುಳಿತಿರುತ್ತದೆ.

ನಾಯಿಯ ಶರೀರಧರ್ಮವನ್ನೂ ತಿಳಿಯಬೇಕು. ನಮಗೆ ಸೆಖೆಯಾದರೆ ಮೈಯೆಲ್ಲ ಬೆವರುತ್ತದೆ, ಬೆವರು ಆರುವಾಗ ಮೈ ತಂಪಾಗುತ್ತದೆ. ನಾಯಿಗೆ ಈ ಸೌಕರ್ಯವಿಲ್ಲ. ಅದು ಬೆವರುವುದು ಬಹುತೇಕ ಪಾದಗಳ ಅಡಿಯಲ್ಲಿ ಮಾತ್ರ. ಬಾಯಿ ತೆರೆದು ನಾಲಗೆ ಚಾಚಿ ಏದುತ್ತ ಬಾಯಿಯ ತೇವವನ್ನು ಆರಿಸಿಕೊಳ್ಳುವುದೇ ಅದು ಮೈಯನ್ನು ತಂಪಿಟ್ಟುಕೊಳ್ಳುವ ಮುಖ್ಯ ಉಪಾಯ. ಮುಚ್ಚಿದ ಕಾರಿನಲ್ಲಿ ಸುತ್ತಲಿನ ಗಾಳಿಯೇ ದೇಹಕ್ಕಿಂತ ಬಿಸಿಯಾಗಿರುತ್ತದೆ, ಏದುಸಿರಿನಿಂದ ಆ ಗಾಳಿ ತೇವಗೊಳ್ಳುತ್ತ ಹೋಗುತ್ತದೆ, ಉಪಾಯ ವಿಫಲವಾಗುತ್ತದೆ. ನಾಯಿಯ ಸಹಜ ದೇಹೋಷ್ಣತೆ 38ರಿಂದ 39 ಡಿಗ್ರಿಯಷ್ಟು. ಅದು 41 ದಾಟಿದರೆ ಉಷ್ಣಾಘಾತ. ಅಲ್ಲಿಂದ ಮುಂದೆ ಮಿದುಳು, ಮೂತ್ರಪಿಂಡ, ಕರುಳುಗಳು ಒಂದೊಂದಾಗಿ ಕೆಡುತ್ತವೆ, ರಕ್ತವು ಹೆಪ್ಪುಗಟ್ಟುವ ವ್ಯವಸ್ಥೆ ತಪ್ಪುತ್ತದೆ. ಮೇಲೆ ನೋಡಲು ಚೇತರಿಸಿಕೊಂಡಂತೆ ಕಂಡ ಪ್ರಾಣಿ ಒಂದೆರಡು ದಿನಗಳ ಮೇಲೆ ಸಾಯುವುದೂ ಉಂಟು.

ಚಪ್ಪಟೆ ಮೂತಿಯ ತಳಿಗಳಿಗೆ ಅಪಾಯ ಇನ್ನೂ ಹೆಚ್ಚು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡ ಪಗ್ ನಾಯಿ ಭಾರತದ ಮನೆಮನೆಗೂ ಪ್ರಿಯವಾಯಿತು. ಆ ತಳಿಯ ಉಸಿರಾಟದ ದಾರಿಯೇ ಇಕ್ಕಟ್ಟಾದುದು. ಏದುವುದೇ ಅದಕ್ಕೆ ಕಷ್ಟ. ನಮ್ಮದು ದೇಶೀ ತಳಿ, ಬಿಸಿಲಿಗೆ ಒಗ್ಗಿದ್ದು ಎಂದು ಹೇಳುವವರೂ ಇದ್ದಾರೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಮ್ಮ ಮುಧೋಳ ನಾಯಿ ಬಯಲಿನ ಬಿಸಿಲಿನಲ್ಲಿ ಓಡಬಲ್ಲದು ನಿಜ. ಬಯಲಿನಲ್ಲಿ ಗಾಳಿಯಿದೆ, ನೆರಳು ಹುಡುಕಿಕೊಳ್ಳುವ ಸ್ವಾತಂತ್ರ್ಯವಿದೆ. ಗಾಜಿನ ಪೆಟ್ಟಿಗೆಯಲ್ಲಿ ಇವೆರಡೂ ಇಲ್ಲ.

ಇದು ಊಹೆಯ ಮಾತಲ್ಲ. ಒಮ್ಮೆ ಜುಲೈ ತಿಂಗಳಿನಲ್ಲಿ ಆಗ್ರಾದ ತಾಜಮಹಲಿನ ವಾಹನ ನಿಲುಗಡೆಯಲ್ಲಿ ಪ್ರವಾಸಿ ಕುಟುಂಬವೊಂದು ಕಾರಿನಲ್ಲಿ ಬಿಟ್ಟು ಹೋದ ನಾಯಿ ಸತ್ತಿತು. 2023ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬೀಗ ಹಾಕಿದ ಕಾರಿನೊಳಗೆ ಒದ್ದಾಡುತ್ತಿದ್ದ ನಾಯಿಯನ್ನು ಭದ್ರತಾ ಸಿಬ್ಬಂದಿ ಕಂಡು ಗಾಜು ಒಡೆದು ಹೊರತೆಗೆಯಬೇಕಾಯಿತು. ವಾಹನದ ಮಾಲೀಕರ ಮೇಲೆ ಪ್ರಕರಣ ದಾಖಲಾಯಿತು. ಡಿಸೆಂಬರ್ ತಿಂಗಳಿನ ಬೆಂಗಳೂರಿನಲ್ಲಿಯೇ ಹೀಗಾದರೆ ಮೇ ತಿಂಗಳಿನ ಯಾದಗಿರಿಯ ಮಾತೇನು? ಮನುಷ್ಯರ ಮಕ್ಕಳ ವಿಷಯದಲ್ಲಿಯೂ ಇದೇ ಅಪಾಯವಿದೆ. 2025ರ ಏಪ್ರಿಲಿನಲ್ಲಿ ನಮ್ಮ ನೆರೆಯ ತೆಲಂಗಾಣದ ಚೇವೆಳ್ಳ ಮಂಡಲದ ಹಳ್ಳಿಯೊಂದರಲ್ಲಿ, ಮನೆಯವರು ಮದುವೆಯ ಮಾತಿನಲ್ಲಿ ತೊಡಗಿದ್ದಾಗ ಇಬ್ಬರು ಪುಟ್ಟ ಹುಡುಗಿಯರು ನಿಂತ ಕಾರನ್ನು ಹೊಕ್ಕು ಹೊರಬರಲಾರದೆ ಪ್ರಾಣ ಬಿಟ್ಟರು. ಮರುತಿಂಗಳು ಆಂಧ್ರದ ವಿಜಯನಗರಂ ಜಿಲ್ಲೆಯ ದ್ವಾರಪೂಡಿಯಲ್ಲಿ ಹೀಗೆಯೇ ನಾಲ್ವರು ಮಕ್ಕಳು ಸತ್ತರು. ಕೈಯಿರುವ, ಕೂಗಬಲ್ಲ ಮಕ್ಕಳೇ ಹೊರಬರಲಾರದ ಪೆಟ್ಟಿಗೆಯಿಂದ ಬಾಯಿಲ್ಲದ ಜೀವ ಹೇಗೆ ಹೊರಬಂದೀತು?

ಇನ್ನು ಧರ್ಮದ ವಿಚಾರ. ಶಹಾಪುರದ ಬಂಧುವೊಬ್ಬರೊಡನೆ ಒಮ್ಮೆ ಈ ಮಾತು ಬಂದಾಗ ಅವರು ಹೇಳಿದರು: “ನಾವು ನಾಯಿಯನ್ನು ಮಗುವಿನಂತೆ ಸಾಕಿದ್ದೇವೆ. ಅದಕ್ಕೆ ನೋವು ಕೊಡುವ ಸಂಕಲ್ಪ ನಮಗೆ ಕನಸಿನಲ್ಲಿಯೂ ಇಲ್ಲ. ಸಂಕಲ್ಪವಿಲ್ಲದ ಮೇಲೆ ಹಿಂಸೆ ಹೇಗಾದೀತು?” ಪ್ರಶ್ನೆ ಗಂಭೀರವಾದುದು, ಉತ್ತರವನ್ನು ನಮ್ಮ ಆಗಮದಲ್ಲಿಯೇ ಹುಡುಕಬೇಕು.

ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆಯನ್ನು ನಾವೆಲ್ಲರೂ ಬಲ್ಲೆವು. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರನು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಟ್ಟನು. ಹಿಟ್ಟಿನಲ್ಲಿ ಜೀವವಿರಲಿಲ್ಲ, ಕೊಲ್ಲುವ ಭಾವ ಮಾತ್ರ ಇತ್ತು. ಅಷ್ಟಕ್ಕೇ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತಿರ್ಯಂಚರಾಗಿ ತೊಳಲಿದರು. ಆ ಸರಣಿಯ ಮೊದಲ ಜನ್ಮದಲ್ಲಿ ಮಗನು ನವಿಲಾದನು, ತಾಯಿಯು ನಾಯಿಯಾದಳು. ಈ ಕಥೆಯಿಂದ ಸಂಕಲ್ಪಹಿಂಸೆಯ ಭಯಂಕರತೆಯನ್ನು ನಮ್ಮ ಸಮಾಜ ಚೆನ್ನಾಗಿ ಕಲಿತುಕೊಂಡಿದೆ. ಆದರೆ ಕಥೆಯ ಅರ್ಧವನ್ನು ಮಾತ್ರ ಹಿಡಿದು, ಸಂಕಲ್ಪವಿಲ್ಲದಿದ್ದರೆ ದೋಷವೇ ಇಲ್ಲವೆಂದು ತಿರುಗಿಸಿ ಓದುವುದು ಸರಿಯಲ್ಲ. ಬೀಗ ಹಾಕಿದ ಕಾರಿನ ಸಂದರ್ಭ ಹಿಟ್ಟಿನ ಕೋಳಿಗೆ ಸರಿಯಾಗಿ ವಿರುದ್ಧವಾದುದು. ಅಲ್ಲಿ ಜೀವವಿರಲಿಲ್ಲ, ಸಂಕಲ್ಪವಿತ್ತು. ಇಲ್ಲಿ ಸಂಕಲ್ಪವಿಲ್ಲ, ಜೀವವಿದೆ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಮತ್ತಯೋಗವೆಂಬ ಮಾತನ್ನು ಬಳಸಿರುವುದು ಈ ಕಾರಣದಿಂದಲೇ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ವ್ಯಾಪಾರದಿಂದ ಪ್ರಾಣಕ್ಕೆ ಹಾನಿಯಾದರೆ ಅದು ಹಿಂಸೆ. ಪ್ರಮಾದವೆಂದರೆ ದ್ವೇಷವೊಂದೇ ಅಲ್ಲ, ಅಜಾಗರೂಕತೆಯೂ ಪ್ರಮಾದವೇ. ಪ್ರೀತಿಯಿದ್ದವನಿಗೆ ಪ್ರಮಾದ ಬಾರದೆಂಬ ನಿಯಮವಿಲ್ಲ.

ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಎಂಬ ಮೂರು ಬಗೆಯ ಹಿಂಸೆಗಳನ್ನು ಸಂಪೂರ್ಣವಾಗಿ ಬಿಡಲಾಗದೆಂದು ಶಾಸ್ತ್ರ ಒಪ್ಪುತ್ತದೆ. ಅಡಿಗೆ ಮಾಡದೆ, ವ್ಯಾಪಾರ ಮಾಡದೆ, ಆತ್ಮರಕ್ಷಣೆ ಮಾಡದೆ ಸಂಸಾರ ನಡೆಯದು. ಕಾರಿನಲ್ಲಿ ನಾಯಿಯನ್ನು ಕೂಡಿಡುವುದು ಈ ಮೂರರಲ್ಲಿ ಯಾವುದಕ್ಕೆ ಸೇರೀತು? ಅಡಿಗೆಗೆ ಅದು ಬೇಡ, ವ್ಯಾಪಾರಕ್ಕೆ ಬೇಡ, ಯಾವ ಶತ್ರುವೂ ಎದುರಿಗಿಲ್ಲ. ಮನೆಯಲ್ಲಿ ಒಬ್ಬರು ಉಳಿದರೆ, ಸರದಿಯ ಮೇಲೆ ಇಬ್ಬರು ಒಳಗೆ ಹೋಗಿ ಒಬ್ಬರು ನೆರಳಿನಲ್ಲಿ ನಾಯಿಯೊಡನೆ ನಿಂತರೆ ತಪ್ಪಿಹೋಗುವ ಹಿಂಸೆ ಇದು. ತಪ್ಪಿಸಬಹುದಾದುದನ್ನು ಅನಿವಾರ್ಯವೆಂದು ಖಾತೆಗೆ ಬರೆಯುವುದು ವ್ಯಾಪಾರದಲ್ಲಿಯೂ ಸುಳ್ಳು ಲೆಕ್ಕವೇ.

ಮುನಿಗಳಿಗೆ ವಿಧಿಸಿದ ಪಂಚಸಮಿತಿಗಳಲ್ಲಿ ಆದಾನನಿಕ್ಷೇಪಣ ಸಮಿತಿಯೆಂಬುದು ಒಂದು. ಕಮಂಡಲುವನ್ನಾಗಲಿ ಶಾಸ್ತ್ರವನ್ನಾಗಲಿ ಎತ್ತುವಾಗ ಇಡುವಾಗ ಆ ಸ್ಥಳದಲ್ಲಿ ಜೀವವಿದೆಯೇ ಎಂದು ನೋಡಿ, ಪಿಂಛಿಯಿಂದ ಮೃದುವಾಗಿ ಸರಿಸಿ, ಆಮೇಲೆ ಇಡುವುದು. ಗೃಹಸ್ಥರಾದ ನಮಗೆ ಅದು ಪೂರ್ಣವಾಗಿ ಸಾಧ್ಯವಿಲ್ಲ. ಆದರೂ ವಾಹನದ ಬಾಗಿಲು ಹಾಕುವ ಮುನ್ನ ಹಿಂದಿನ ಆಸನದ ಕಡೆಗೆ ತಿರುಗಿ ನೋಡುವುದಕ್ಕೆ ಯಾವ ದೀಕ್ಷೆಯೂ ಬೇಕಾಗಿಲ್ಲ. ನೋಡಿ ಬಾಗಿಲು ಹಾಕುವ ಈ ಅಭ್ಯಾಸ ನಾಯಿಯನ್ನೂ ಉಳಿಸೀತು, ನಿದ್ದೆ ಹೋದ ಮಗುವನ್ನೂ ಉಳಿಸೀತು.

ಈಗ ಬಸದಿಗಳ ಆಡಳಿತ ನೋಡುವ ಟ್ರಸ್ಟಿನ ಮಹನೀಯರಲ್ಲಿ ಒಂದು ಅರಿಕೆ. ಪ್ರಾಣಿಗಳಿಗೆ ಬಸದಿಯ ಒಳಗೆ ಪ್ರವೇಶವಿಲ್ಲವೆಂಬ ನಿಯಮ ಶುಚಿತ್ವದ ದೃಷ್ಟಿಯಿಂದ ಯೋಗ್ಯವಾದುದು, ಅದನ್ನು ಸಡಿಲಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ನಿಯಮ ಮಾಡಿದವರ ಮೇಲೆ ಅದರ ಪರಿಣಾಮದ ಹೊಣೆಯೂ ಬರುತ್ತದೆ. ಪಾದರಕ್ಷೆಗಳನ್ನು ಒಳಗೆ ತರಬಾರದೆಂದು ನಾವು ನಿಯಮ ಮಾಡಿದ್ದೇವೆ. ಹಾಗೆ ಮಾಡಿ ಸುಮ್ಮನಾಗಲಿಲ್ಲ. ಅವುಗಳಿಗಾಗಿ ಹೊರಗೆ ಕಟ್ಟೆ ಕಟ್ಟಿಸಿದ್ದೇವೆ, ಮೇಲೆ ತಗಡು ಹಾಕಿಸಿದ್ದೇವೆ, ಕೆಲವು ಕಡೆ ಕಾಯುವವನನ್ನೂ ನೇಮಿಸಿದ್ದೇವೆ. ಚರ್ಮದ ಚಪ್ಪಲಿಗೆ ದೊರೆತ ಈ ನೆರಳು ಪಂಚೇಂದ್ರಿಯ ಜೀವಕ್ಕೆ ದೊರೆಯಬಾರದೇ?

ಟ್ರಸ್ಟೊಂದರ ಸಭೆಯಲ್ಲಿ ಈ ಸೂಚನೆಯನ್ನು ನಾನು ಮಂಡಿಸಿದಾಗ ಹಿರಿಯ ಸದಸ್ಯರೊಬ್ಬರು ಆಕ್ಷೇಪವೆತ್ತಿದರು. ನೆರಳು ಮಾಡಿಕೊಟ್ಟರೆ ನಾಯಿಗಳನ್ನು ಕರೆತರುವ ರೂಢಿಗೆ ನಾವೇ ಪ್ರೋತ್ಸಾಹ ಕೊಟ್ಟಂತಾಗುತ್ತದೆ, ಕ್ಷೇತ್ರದ ಪಾವಿತ್ರ್ಯಕ್ಕೆ ಕುಂದು ಬರುತ್ತದೆ ಎಂಬುದು ಅವರ ಮಾತು. ಅವರ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಆದರೆ ಜನರು ಕರೆತರುವುದು ನಮ್ಮ ಪ್ರೋತ್ಸಾಹಕ್ಕೆ ಕಾದು ನಿಂತಿಲ್ಲ, ಆಗಲೇ ತರುತ್ತಿದ್ದಾರೆ. ಒಳಗೆ ಶಾಂತಿಧಾರೆ ನಡೆಯುತ್ತಿರುವಾಗ ಹೊರಗೆ ಗೋಡೆಯ ಮಗ್ಗುಲಲ್ಲಿ ಒಂದು ಜೀವ ಬೆಂದು ಸತ್ತರೆ ಕ್ಷೇತ್ರದ ಪಾವಿತ್ರ್ಯಕ್ಕೆ ಬರುವ ಕುಂದು ಯಾವ ಪ್ರಮಾಣದ್ದು? ಜೀವಂಧರ ಕುಮಾರನು ಸಾಯುತ್ತಿದ್ದ ನಾಯಿಯ ಬಳಿ ಕುಳಿತು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದನೆಂದೂ ಆ ನಾಯಿ ಸುದರ್ಶನನೆಂಬ ಯಕ್ಷನಾಯಿತೆಂದೂ ನಮ್ಮ ಪುರಾಣ ಹೇಳುತ್ತದೆ. 1424ರಲ್ಲಿ ಭಾಸ್ಕರ ಕವಿ ಇದೇ ಜೀವಂಧರನ ಚರಿತೆಯನ್ನು ಕನ್ನಡಕ್ಕೆ ತಂದನು. ನಾಯಿಯನ್ನು ಮುಟ್ಟಿದುದರಿಂದ ಜೀವಂಧರನ ಪಾವಿತ್ರ್ಯ ಕೆಟ್ಟಿತೆಂದು ಯಾವ ಆಚಾರ್ಯರೂ ಬರೆದಿಲ್ಲ.

ವ್ಯಾಪಾರಿ ಸಮಾಜದವರು ಮೂಕಜೀವಗಳ ಹೊಣೆ ಹೊತ್ತ ಪರಂಪರೆಯೂ ನಮ್ಮ ಮುಂದಿದೆ. 1832ರಲ್ಲಿ ಮುಂಬಯಿಯಲ್ಲಿ ಬ್ರಿಟಿಷ್ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರಸಿಗಳು ಸಿಡಿದೆದ್ದರು, ಹಿಂದೂಗಳೂ ಜೈನರೂ ಅವರೊಡನೆ ಸೇರಿ ಅಂಗಡಿ ಮುಚ್ಚಿದರು. ಅದಾದ ಎರಡು ವರ್ಷಗಳಲ್ಲಿ, 1834ರಲ್ಲಿ, ಜಮ್ಶೇಟ್‌ಜಿ ಜೀಜೀಭಾಯಿ ಮತ್ತು ಅಮೀಚಂದ್ ಶಾಹ ಎಂಬ ವರ್ತಕರ ಮುಂದಾಳುತನದಲ್ಲಿ ಮುಂಬಯಿ ಪಾಂಜರಾಪೋಳ ಸ್ಥಾಪನೆಯಾಯಿತು. ಅವರು ಊರಿನ ಅನಾಥ ಪ್ರಾಣಿಗಳಿಗೆಲ್ಲ ಆಶ್ರಯ ಕಟ್ಟಿದರು. ಇಂದು ನಾವು ಕಟ್ಟಬೇಕಾದುದು ನಾಲ್ಕು ಕಂಬದ ಒಂದು ಚಪ್ಪರ ಮಾತ್ರ.

ಟ್ರಸ್ಟುಗಳು ಮಾಡಬಹುದಾದುದು ಹೆಚ್ಚಿನ ಖರ್ಚಿನದಲ್ಲ. ಆವರಣದ ಹೊರಗೆ ಬೇವಿನ ಮರವೊಂದರ ಕೆಳಗೆ, ಮರವಿಲ್ಲದಿದ್ದರೆ ಬಿದಿರಿನ ಚಪ್ಪರದ ಕೆಳಗೆ, ಗಾಳಿಯಾಡುವ ಸ್ಥಳವನ್ನು ಗೊತ್ತುಮಾಡಬೇಕು. ಅಲ್ಲಿ ಮಣ್ಣಿನ ತೊಟ್ಟಿಯಲ್ಲಿ ಸೋಸಿದ ನೀರಿಡಬೇಕು, ಸೂಕ್ಷ್ಮಜೀವಗಳು ಹುಟ್ಟದಂತೆ ಅದನ್ನು ಪ್ರತಿದಿನವೂ ಬದಲಿಸಬೇಕು. ಪ್ರಾಣಿಯೊಡನೆ ಮನೆಯವರಲ್ಲಿ ಒಬ್ಬರು ಅಲ್ಲಿರಬೇಕೆಂಬ ಫಲಕ ಹಾಕಬೇಕು. ಉತ್ಸವದ ದಿನಗಳಲ್ಲಿ ವಾಹನ ನಿಲ್ಲಿಸುವ ಕಡೆಗೆ ಕಾವಲುಗಾರನು ಹತ್ತು ನಿಮಿಷಕ್ಕೊಮ್ಮೆ ಹೋಗಿ ಒಳಗೆ ಮಗುವಾಗಲಿ ಪ್ರಾಣಿಯಾಗಲಿ ಉಳಿದಿದೆಯೇ ಎಂದು ಇಣುಕಿ ನೋಡಬೇಕು. ಧ್ವನಿವರ್ಧಕದಲ್ಲಿ ಊಟದ ವೇಳೆ ತಿಳಿಸುವಾಗ ಈ ಮಾತನ್ನೂ ಸೇರಿಸಬಹುದು. ಆಮಂತ್ರಣ ಪತ್ರಿಕೆಯಲ್ಲಿ ಸಾಕುಪ್ರಾಣಿಗಳನ್ನು ಮನೆಯಲ್ಲಿಯೇ ನೆರಳಿನಲ್ಲಿ, ಯಾರಾದರೊಬ್ಬರ ವಶದಲ್ಲಿ ಬಿಟ್ಟು ಬರಬೇಕೆಂದು ಒಂದು ಸಾಲು ಮುದ್ರಿಸಿದರೆ ಅದು ಎಲ್ಲಕ್ಕಿಂತ ಉತ್ತಮ.

ಕುಟುಂಬಗಳಿಗೆ ಹೇಳಬೇಕಾದ ಕೆಲವು ಮಾತುಗಳು ಉಳಿದಿವೆ. ನೆರಳಿನಲ್ಲಿ ನಿಲ್ಲಿಸಿದ್ದೇವೆಂಬ ಭರವಸೆ ಸಾಲದು. ಹನ್ನೊಂದು ಗಂಟೆಯ ನೆರಳು ಹನ್ನೆರಡಕ್ಕೆ ಬೇರೆಡೆಗೆ ಸರಿದಿರುತ್ತದೆ, ಸುತ್ತಲಿನ ಗಾಳಿ ಹೇಗೂ 40 ಡಿಗ್ರಿ. ತಂಪು ಯಂತ್ರವನ್ನು ಚಾಲೂ ಇಟ್ಟು ಹೋಗುವುದೂ ನಂಬಿಕೆಗೆ ಯೋಗ್ಯವಲ್ಲ. ಎಂಜಿನ್ ನಿಂತರೆ ಒಳಗಿನ ಜೀವಕ್ಕೆ ಅದನ್ನು ಹೇಳಲು ಬಾಯಿಲ್ಲ. ಚಾಲಕನ ವಶಕ್ಕೆ ಬಿಟ್ಟರೆ ಡೀಸೆಲ್ ಉಳಿಸಲೆಂದು ಯಂತ್ರ ಆರಿಸಬಾರದೆಂದೂ ಪ್ರಾಣಿಯನ್ನು ಹೊರಗೆ ನೆರಳಿನಲ್ಲಿ ಹಿಡಿದುಕೊಳ್ಳಬೇಕೆಂದೂ ಸ್ಪಷ್ಟವಾಗಿ ಹೇಳಬೇಕು.

ಬೇರೆಯವರ ವಾಹನದಲ್ಲಿ ಇಂತಹ ದೃಶ್ಯ ಕಂಡರೆ ನಮಗೇಕೆ ಎಂದು ಮುಂದೆ ಹೋಗಬಾರದು. ವಾಹನದ ಸಂಖ್ಯೆ ನೋಡಿಕೊಂಡು ಹತ್ತಿರದ ಅಂಗಡಿ, ಮಂಟಪ, ಬಸದಿಗಳಲ್ಲಿ ಕೂಗಿಸಬೇಕು. ಮಾಲೀಕರು ಸಿಗದಿದ್ದರೆ 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಬೇಕು, ಅವರು ಬರುವವರೆಗೆ ಅಲ್ಲಿಯೇ ನಿಲ್ಲಬೇಕು. ವಿಪರೀತ ಏದುಸಿರು, ಜೊಲ್ಲು, ಕೆಂಪಾದ ವಸಡು, ತೂರಾಟ, ವಾಂತಿ, ಕುಸಿದು ಬೀಳುವುದು ಇವು ಉಷ್ಣಾಘಾತದ ಲಕ್ಷಣಗಳು. ಹೊರತೆಗೆದ ಪ್ರಾಣಿಯನ್ನು ಕೂಡಲೇ ನೆರಳಿಗೆ ತಂದು ಮೈಮೇಲೆ ತಂಪು ನೀರು ಸುರಿಯುತ್ತ ಗಾಳಿ ಬೀಸಬೇಕು. ಒದ್ದೆ ಬಟ್ಟೆಯನ್ನು ಹೊದಿಸಿ ಬಿಡಬಾರದು, ಅದು ಕಾವನ್ನು ಒಳಗೇ ಹಿಡಿದಿಡುತ್ತದೆ. ಎಚ್ಚರವಿದ್ದರೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸಬೇಕು, ಬಲವಂತದಿಂದ ಬಾಯಿಗೆ ಹೊಯ್ಯಬಾರದು. ಮೈ ತಣಿದ ಬಳಿಕ, ಸುಧಾರಿಸಿದಂತೆ ಕಂಡರೂ, ಪಶುವೈದ್ಯರಿಗೆ ತೋರಿಸಲೇಬೇಕು. ಪಶುವೈದ್ಯಕೀಯ ನೆರವಿಗೆ 1962 ಎಂಬ ಸರಕಾರಿ ದೂರವಾಣಿ ಸಂಖ್ಯೆಯಿದೆ.

ಕಾನೂನಿನ ಬಲವೂ ಇದಕ್ಕಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಪ್ರಾಣಿಯನ್ನು ಅನಾವಶ್ಯಕ ಯಾತನೆಯಾಗುವಂತೆ ವಾಹನದಲ್ಲಿ ಒಯ್ಯುವುದೂ, ಸಾಕಿದವರೇ ಅದಕ್ಕೆ ಸಾಕಷ್ಟು ಅನ್ನ, ನೀರು, ಆಸರೆ ಕೊಡದಿರುವುದೂ ಅಪರಾಧ. ನಮ್ಮ ಐದು ಅತಿಚಾರಗಳೊಡನೆ ಈ ಕಾಯಿದೆಯನ್ನು ಹೋಲಿಸಿ ನೋಡಿದರೆ ಆಶ್ಚರ್ಯವೆನಿಸುವಷ್ಟು ಸಾಮ್ಯವಿದೆ. 1976ರಲ್ಲಿ ಸಂವಿಧಾನಕ್ಕೆ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿಯೂ ಜೀವಿಗಳಲ್ಲಿ ಅನುಕಂಪ ತೋರಬೇಕೆಂಬುದು ಒಂದು. ಆದರೆ ಮೊದಲ ಅಪರಾಧಕ್ಕೆ ಆ ಕಾಯಿದೆ ಗೊತ್ತುಪಡಿಸಿದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿಯವರೆಗೆ ಮಾತ್ರ. ಐವತ್ತು ರೂಪಾಯಿಯ ಭಯದಿಂದ ಯಾರೂ ತಿದ್ದಿಕೊಳ್ಳಲಾರರು. ಶ್ರಾವಕನು ಹೆದರಬೇಕಾದುದು ದಂಡಕ್ಕಲ್ಲ, ಕರ್ಮಬಂಧಕ್ಕೆ. ಅಲ್ಲಿ ರಸೀದಿ ಹರಿದುಕೊಟ್ಟು ಬಿಡುಗಡೆ ಮಾಡುವ ಪದ್ಧತಿಯಿಲ್ಲ.

ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಗಳು ನಮ್ಮವು. ಕಣ್ಣಿಗೆ ಕಾಣದ ಜೀವಕ್ಕಾಗಿ ನಾವು ದಿನವೂ ಇಷ್ಟು ಶ್ರಮಪಡುತ್ತೇವೆ. ಕಣ್ಣೆದುರಿಗೆ ಬಾಲವಾಡಿಸುವ, ನಮ್ಮ ಹೆಜ್ಜೆಯ ಸದ್ದಿಗೆ ಕಿವಿ ನಿಮಿರಿಸುವ ಜೀವಕ್ಕೆ ಅದಕ್ಕಿಂತ ಕಡಿಮೆ ಎಚ್ಚರ ಸಲ್ಲದು. ಬರುವ ಅಕ್ಷಯ ತೃತೀಯೆಯಂದು ನಾವು ಭಗವಾನ್ ವೃಷಭನಾಥರಿಗೆ ಶ್ರೇಯಾಂಸ ಕುಮಾರನು ಇಕ್ಷುರಸವನ್ನು ಅರ್ಪಿಸಿದ ಪ್ರಸಂಗವನ್ನು ಕೇಳುತ್ತೇವೆ, ಕಬ್ಬಿನ ಹಾಲನ್ನು ಹಂಚುತ್ತೇವೆ. ಆ ದಿನಕ್ಕೆ ಮುಂಚಿತವಾಗಿಯೇ ಪ್ರತಿಯೊಂದು ಬಸದಿಯ ಹೊರಗೂ ಒಂದು ಚಪ್ಪರ ಎದ್ದು, ಅದರ ಕೆಳಗೆ ಒಂದು ತೊಟ್ಟಿ ನೀರು ತುಂಬಿರಲಿ. ಟ್ರಸ್ಟುಗಳ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದೊಂದು ವಿಷಯವನ್ನು ಸೇರಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.